ಕ್ರೋಶಾ ಕಡ್ಡಿಯ ಚಕ್ರಬಡ್ಡಿ

ಜರ್ಮನಿಯ ಮ್ಯೂನಿಕ್ ಕಡೆ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದ ಒಬ್ಬ ಮಹಿಳೆ 2018ರಲ್ಲಿ ಒಂದು ಉಲ್ಲನ್ ಮಫ್ಲರ್ ಹೆಣೆದರು. ದಿನಕ್ಕೆ ಎರಡೇ ಸಾಲು. ಅಂದು ರೈಲು 5 ನಿಮಿಷಕ್ಕಿಂತ ಕಡಿಮೆ ತಡವಾಗಿದ್ದರೆ ಬೂದು ಬಣ್ಣದ ದಾರ. 5ರಿಂದ 30 ನಿಮಿಷ ತಡವಾಗಿದ್ದರೆ ಗುಲಾಬಿ. ಅರ್ಧ ಗಂಟೆ ಮೀರಿದರೆ, ಇಲ್ಲವೇ ಹೋಗುವಾಗಲೂ ಬರುವಾಗಲೂ ತಡವಾದರೆ ಕೆಂಪು. ಡಿಸೆಂಬರ್ ಮುಗಿಯುವ ಹೊತ್ತಿಗೆ ಆ ವರ್ಷದ ರೈಲಿನ ನಡತೆಯೆಲ್ಲ ಕೊರಳಿಗೆ ಸುತ್ತಿಕೊಳ್ಳುವ ಹಾಗೆ ತಯಾರಾಗಿತ್ತು. ಅವರ ಮಗಳು ಅದರ ಚಿತ್ರವನ್ನು ನಾಲ್ಕು ಜನರಿಗೆ ತೋರಿಸಿದ್ದೇ ತಡ, ದೇಶವೆಲ್ಲ ಅದರ ಮಾತಾಯಿತು. ಕೊನೆಗೆ ಮಫ್ಲರನ್ನು ಹರಾಜಿಗೆ ಇಟ್ಟರು. 7,550 ಯೂರೋ ಬಂತು. ಹಣವನ್ನು ರೈಲು ನಿಲ್ದಾಣಗಳಲ್ಲಿ ಕಷ್ಟಕ್ಕೆ ಸಿಕ್ಕವರಿಗೆ ನೆರವಾಗುವ ಸಂಸ್ಥೆಗೆ ಕೊಟ್ಟರು.

ಸಿಟ್ಟು ಬಂದಾಗ ದೂರಿನ ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿ ಬರುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದೇ ದೂರನ್ನು ದಿನಕ್ಕೆ ಎರಡು ಸಾಲಿನಂತೆ ವರ್ಷವಿಡೀ ಹೆಣೆದು, ಕೊನೆಗೆ ದಾನ ಮಾಡಿದವರನ್ನು ಕೇಳಿದ್ದು ಇದೇ ಮೊದಲು. ನಮ್ಮ ಕಡೆಯ ಕೆಲವು ರೈಲುಗಳಿಗೆ ಇಂಥ ಮಫ್ಲರ್ ಹೆಣೆಯಲು ಹೊರಟರೆ ಪೇಟೆಯಲ್ಲಿ ಕೆಂಪು ಉಲ್ಲನ್ ಸಾಲದೇ ಹೋದೀತು, ಆ ಮಾತು ಬೇರೆ.

ನನಗೆ ಹೆಣೆಯಲು ಬರುವುದಿಲ್ಲ. ಮನೆಯಲ್ಲಿ ಹೆಂಡತಿಗೆ ಬರುತ್ತದೆ. ಲಡಿಯನ್ನು ಎರಡೂ ಕೈಗೆ ಸಿಕ್ಕಿಸಿಕೊಂಡು ಕೂರುವುದು, ಆಕೆ ಉಂಡೆ ಸುತ್ತುವಾಗ ಕೈಯನ್ನು ಅತ್ತ ಇತ್ತ ಆಡಿಸುವುದು, ಇಷ್ಟೇ ನನಗೆ ವಹಿಸಿದ ಕೆಲಸ. ಆದರೆ ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದವನಿಗೆ ಹೆಣಿಗೆಯಲ್ಲಿ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ಅದು ಪೂರ್ತಿ ಲೆಕ್ಕ. ಕಂಪ್ಯೂಟರ್ ಬರುವ ಮುಂಚೆ ನಮ್ಮಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಇಡೀ ಶಾಖೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿತ್ತು. ಹೆಣಿಗೆಯಲ್ಲೂ ಹಾಗೆಯೇ. ಒಂದು ಕುಣಿಕೆ ಜಾರಿದರೆ ಮೇಲಿನ ನಲವತ್ತು ಸಾಲು ಬಿಚ್ಚಬೇಕು. ಎಣಿಸುತ್ತಲೇ ಮಾತಾಡುವ, ಮಾತಾಡುತ್ತಲೇ ಟಿ.ವಿ. ನೋಡುವ, ಆದರೂ ಲೆಕ್ಕ ತಪ್ಪದ ಹೆಂಗಸರು ಪ್ರತಿ ಬೀದಿಯಲ್ಲೂ ಇದ್ದಾರೆ. ಅಂಥವರ ಕೈಗೆ ಒಂದು ಹೊಸ ಯೋಚನೆ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ನನಗೆ ಬಹಳ ಹಿಡಿಸಿದ ಒಂದು ಕಥೆ ಇದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗಣಿತ ಎಂದೊಡನೆ ಪುಟ ತಿರುಗಿಸುವ ಮಕ್ಕಳು ದಯವಿಟ್ಟು ಇಲ್ಲೇ ಇರಲಿ. ಬಡ್ಡಿ ಲೆಕ್ಕ ಬಂದರೆ ಸಾಕು.

ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ: ಒಂದು ಸರಳ ರೇಖೆ, ಅದರ ಹೊರಗೆ ಒಂದು ಬಿಂದು. ಆ ಬಿಂದುವಿನ ಮೂಲಕ ಮೊದಲ ರೇಖೆಗೆ ಸಮಾಂತರವಾಗಿ ಒಂದೇ ಒಂದು ರೇಖೆ ಎಳೆಯಬಹುದು. ಯೂಕ್ಲಿಡ್ ಕಾಲದಿಂದ ಇದು ನಡೆದುಬಂದ ಮಾತು. ಎರಡು ಸಾವಿರ ವರ್ಷ ಜನ ಇದನ್ನು ಸಾಧಿಸಿ ತೋರಿಸಲು ಹೆಣಗಿದರು, ಆಗಲಿಲ್ಲ. ಹಂಗೇರಿಯ ಯಾನೋಶ್ ಬೊಯಾಯಿ ಎಂಬ ತರುಣ ಇದರ ಹಿಂದೆ ಬಿದ್ದಾಗ, ಸ್ವತಃ ಗಣಿತಜ್ಞರಾಗಿದ್ದ ಅವನ ತಂದೆ, ನಾನು ಇದರಲ್ಲಿ ಆಯುಸ್ಸು ಕಳೆದುಕೊಂಡೆ, ನೀನು ಇದರ ತಂಟೆಗೆ ಹೋಗಬೇಡ ಎಂಬರ್ಥದಲ್ಲಿ ಕಾಗದ ಬರೆದಿದ್ದರು. ಮಗ ಕೇಳಲಿಲ್ಲ. ಆ ಬಿಂದುವಿನ ಮೂಲಕ ಒಂದಲ್ಲ, ಎಷ್ಟು ಬೇಕಾದರೂ ಸಮಾಂತರ ರೇಖೆಗಳು ಹೋಗುವಂಥ ಇನ್ನೊಂದು ಬಗೆಯ ರೇಖಾಗಣಿತ ಇರಬಹುದೆಂದು ತೋರಿಸಿಕೊಟ್ಟ. 1832ರಲ್ಲಿ ಅದು ಅದೇ ತಂದೆಯ ಪುಸ್ತಕಕ್ಕೆ ಅನುಬಂಧವಾಗಿ ಅಚ್ಚಾಯಿತು. ರಷ್ಯಾದ ಲೊಬಚೇವ್‌ಸ್ಕಿ 1829ರಲ್ಲಿಯೇ ಇಂಥದೇ ಮಾತನ್ನು ಪ್ರಕಟಿಸಿದ್ದರು. ಇದಕ್ಕೆ ಹೈಪರ್ಬೋಲಿಕ್ ರೇಖಾಗಣಿತ ಎಂದು ಹೆಸರು.

ಕಾಗದದ ಮೇಲೆ ಸರಿ. ಆದರೆ ಅಂಥ ಮೇಲ್ಮೈ ಕಣ್ಣಿಗೆ ಹೇಗೆ ಕಾಣುತ್ತದೆ? ಕೈಯಲ್ಲಿ ಹಿಡಿಯಬಹುದೇ? ವಿಲಿಯಂ ಥರ್ಸ್ಟನ್ ಎಂಬ ದೊಡ್ಡ ಗಣಿತಜ್ಞರು ಕಾಗದದ ಬಳೆಯಂಥ ಪಟ್ಟಿಗಳನ್ನು ಅಂಚಿಗೆ ಅಂಚು ಅಂಟಿಸಿದರೆ ಅದರ ಮಾದರಿ ಮಾಡಬಹುದು ಎಂದು ಹೇಳಿಕೊಟ್ಟಿದ್ದರು. ಆದರೆ ಆ ಮಾದರಿ ಸಂಡಿಗೆಯ ಹಾಗೆ. ಮುಟ್ಟಿದರೆ ಮುರಿಯುತ್ತದೆ, ಹರಿಯುತ್ತದೆ. ಮಕ್ಕಳ ಕೈಗೆ ಕೊಡುವ ಹಾಗಿಲ್ಲ.

1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ತೈಮಿನಾ ಇಂಥದೊಂದು ಕಾಗದದ ಮಾದರಿಯನ್ನು ಕಂಡರು. ಅವರು ಲಾಟ್ವಿಯಾ ದೇಶದವರು, ಗಣಿತದ ಅಧ್ಯಾಪಕಿ, ಚಿಕ್ಕಂದಿನಿಂದ ಕೈಯಲ್ಲಿ ದಾರ ಹಿಡಿದು ಬೆಳೆದವರು. ಇದನ್ನು ಹೆಣೆದರೆ ಹೇಗೆ ಎಂದುಕೊಂಡರು. ಮೊದಲು ಎರಡು ಕಡ್ಡಿಯ ಹೆಣಿಗೆಯಲ್ಲಿ ಪ್ರಯತ್ನಿಸಿದರು. ಅದರಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆಯೇ ಕೂತಿರಬೇಕು. ಸಾಲು ಉದ್ದವಾದಂತೆ ಕಡ್ಡಿ ತುಂಬಿ, ಜಾರಿ, ನಿಭಾಯಿಸಲು ಆಗಲಿಲ್ಲ. ಕ್ರೋಶಾದಲ್ಲಿ ಆ ತೊಂದರೆ ಇಲ್ಲ. ಎಷ್ಟೇ ದೊಡ್ಡ ಕೆಲಸವಾದರೂ ಕಡ್ಡಿಯ ಕೊಕ್ಕಿನಲ್ಲಿ ಒಂದು ಸಲಕ್ಕೆ ಒಂದೇ ಕುಣಿಕೆ. ಹಾಗಾಗಿ ಕ್ರೋಶಾ ಕೈಗೆತ್ತಿಕೊಂಡರು. ಶತಮಾನಗಳ ತೊಡಕು ಬಿಡಿಸಲು ನಮ್ಮ ಅಜ್ಜಿಯಂದಿರು ಟೇಬಲ್ ಕ್ಲಾತಿನ ಅಂಚು ಹಾಕುತ್ತಿದ್ದ ಕಡ್ಡಿಯೇ ಸಾಕಾಯಿತು.

ಈಗ ಬಡ್ಡಿ ಲೆಕ್ಕ. ಇದು ತೈಮಿನಾ ಅವರ ವಿವರಣೆಯಲ್ಲ, ನನ್ನ ಹಳೆಯ ಕಸುಬಿನ ವಿವರಣೆ.

ಕೂಸಿನ ಕುಲಾವಿಯನ್ನು ನೆನೆಸಿಕೊಳ್ಳಿ. ನೆತ್ತಿಯಿಂದ ಶುರು. ಮೊದಲ ಸುತ್ತಿಗೆ 6 ಕುಣಿಕೆ. ಎರಡನೆಯದಕ್ಕೆ 12, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 24. ಪ್ರತಿ ಸುತ್ತಿಗೂ ಆರೇ ಆರು ಹೆಚ್ಚು. ಹೀಗೆ ಮಾಡಿದರೆ ಅದು ಚಪಾತಿಯ ಹಾಗೆ ಚಪ್ಪಟೆಯಾಗಿ ಬೆಳೆಯುತ್ತದೆ. ಆರೇ ಏಕೆ? ವೃತ್ತದ ಸುತ್ತಳತೆ ಎಂದರೆ ತ್ರಿಜ್ಯದ 2 × 22/7 ಪಟ್ಟು. ಅಂದರೆ ತ್ರಿಜ್ಯ ಒಂದು ಕುಣಿಕೆಯಷ್ಟು ಹೆಚ್ಚಿದರೆ ಸುತ್ತಳತೆ ಸುಮಾರು 6.28 ಕುಣಿಕೆಯಷ್ಟು ಹೆಚ್ಚಬೇಕು. ಉಲ್ಲನ್ ಹಿಗ್ಗುತ್ತದೆ, ಆರು ಸಾಕು. ಪೈ ಎಂಬ ಸಂಖ್ಯೆಯ ಹೆಸರೇ ಕೇಳದ ಅಜ್ಜಿಯೂ ಅದನ್ನು ಬೆರಳಿನಲ್ಲಿ ಇಟ್ಟುಕೊಂಡಿದ್ದಳು. ಅಸಲು ಆರು, ಪ್ರತಿ ಸುತ್ತಿಗೂ ಬಡ್ಡಿ ಆರು. ಇದು ಸರಳ ಬಡ್ಡಿ.

ಚಪ್ಪಟೆ ಬಿಲ್ಲೆ ನೆತ್ತಿಯಷ್ಟು ಅಗಲವಾದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸುತ್ತಾರೆ. 60 ಇದ್ದರೆ ಮುಂದಿನ ಸುತ್ತಿಗೂ 60, ಅದರ ಮುಂದಿನದಕ್ಕೂ 60. ಆಗ ಅಂಚು ಕೆಳಗೆ ಬಾಗಿ ಕೊಳವೆಯಾಗಿ ಇಳಿಯುತ್ತದೆ, ಕಿವಿ ಮುಚ್ಚುತ್ತದೆ. ಇದು ಚಾಲ್ತಿ ಖಾತೆ. ಎಷ್ಟು ದಿನ ಇಟ್ಟರೂ ಬಡ್ಡಿ ಇಲ್ಲ.

ತೈಮಿನಾ ಮಾಡಿದ್ದು ಮೂರನೆಯದು. ಪ್ರತಿ ಐದು ಕುಣಿಕೆಗೆ ಒಂದು ಹೆಚ್ಚು ಎಂದಿಟ್ಟುಕೊಳ್ಳಿ. ಈ ಸಾಲಿನಲ್ಲಿ ಎಷ್ಟಿದೆಯೋ ಅದರ ಐದನೇ ಒಂದು ಭಾಗ ಮುಂದಿನ ಸಾಲಿಗೆ ಕೂಡುತ್ತದೆ. ಕೂಡಿದ್ದರ ಮೇಲೂ ಮತ್ತೆ ಐದನೇ ಒಂದು ಭಾಗ. ಬಡ್ಡಿಗೆ ಬಡ್ಡಿ, ಸಾಲಿಗೆ ಶೇಕಡಾ 20ರ ಚಕ್ರಬಡ್ಡಿ! 20 ಕುಣಿಕೆಯ ಅಸಲಿನಿಂದ ಹೊರಟರೆ ಮೊದಲ ಸಾಲಿಗೆ 24. ಚಿಲ್ಲರೆ ಬಿಟ್ಟು ಹೇಳುವುದಾದರೆ ಹತ್ತನೆಯ ಸಾಲಿಗೆ 124. ಇಪ್ಪತ್ತನೆಯ ಸಾಲಿಗೆ 767. ಮೂವತ್ತನೆಯದಕ್ಕೆ 4,747. ಬ್ಯಾಂಕಿನಲ್ಲಿ ನಾವು 72ನ್ನು ಬಡ್ಡಿ ದರದಿಂದ ಭಾಗಿಸಿ ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ಬಾಯಲ್ಲೇ ಹೇಳುತ್ತಿದ್ದೆವು. ಆ ಸೂತ್ರ ಇಲ್ಲೂ ನಡೆಯುತ್ತದೆ. ಹೆಚ್ಚುಕಡಿಮೆ ನಾಲ್ಕು ಸಾಲಿಗೊಮ್ಮೆ ಕುಣಿಕೆಗಳು ಇಮ್ಮಡಿ.

ಇಷ್ಟು ಕುಣಿಕೆಗಳಿಗೆ ಚಪ್ಪಟೆಯಾಗಿ ಮಲಗಲು ಜಾಗ ಎಲ್ಲಿದೆ? ಆದ್ದರಿಂದ ಅಂಚು ಎದ್ದು, ಬಿದ್ದು, ನಿರಿಗೆಗಟ್ಟಿ, ಸುರುಳಿಯಾಗಿ ಕೈತುಂಬ ಅರಳುತ್ತದೆ. ಕೋಳಿಜುಟ್ಟು ಹೂವನ್ನು ನೋಡಿದ್ದೀರಲ್ಲ, ಅದೇ ರೂಪ. ಲೆಟ್ಯೂಸ್ ಸೊಪ್ಪಿನ ಅಂಚು, ಕೆಲವು ಮರದ ಅಣಬೆಗಳು, ಸಮುದ್ರದ ತಳದ ಹವಳಗಳು ಎಲ್ಲವೂ ಇದೇ ಜಾತಿ. ಅಂಚಿನಲ್ಲಿ ಬೇಗ ಬೇಗ ಬೆಳೆಯುವ ಯಾವುದಕ್ಕೂ ಬೇರೆ ದಾರಿಯಿಲ್ಲ.

ರಜೆಯಲ್ಲಿ ಇದನ್ನು ನೀವೇ ಮಾಡಿ ನೋಡಬಹುದು. ಅಮ್ಮನೋ ಅಜ್ಜಿಯೋ ಚೈನ್ ಹಾಕಲು ಕಲಿಸಿದರೆ ಸಾಕು. 20 ಚೈನ್ ಹಾಕಿ. ಮುಂದಿನ ಸಾಲಿನಿಂದ ನಾಲ್ಕು ಕುಣಿಕೆಗೆ ಒಂದೊಂದು, ಐದನೆಯದರಲ್ಲಿ ಎರಡು. ಮತ್ತೆ ನಾಲ್ಕಕ್ಕೆ ಒಂದೊಂದು, ಐದನೆಯದರಲ್ಲಿ ಎರಡು. ಸ್ವಲ್ಪ ದಪ್ಪ ದಾರ ತೆಗೆದುಕೊಂಡು ಬಿಗಿಯಾಗಿ ಹೆಣೆಯಿರಿ, ಆಕಾರ ನಿಲ್ಲುತ್ತದೆ. ಹತ್ತು ಸಾಲಿನ ನಂತರ ಅದು ಹೇಳಿದ ಮಾತು ಕೇಳುವುದಿಲ್ಲ, ತನ್ನಷ್ಟಕ್ಕೆ ಸುರುಳಿಯಾಗುತ್ತದೆ. ಆಮೇಲೆ ಅದನ್ನು ಎಲ್ಲಿಯಾದರೂ ಮಡಚಿ ಒತ್ತಿದರೆ ಮಡಿಕೆಯ ಗೆರೆಯೇ ಒಂದು ಸರಳ ರೇಖೆ. ಅದರ ಮೇಲೆ ಬಣ್ಣದ ದಾರದಿಂದ ಹೊಲಿಯಿರಿ. ಸ್ವಲ್ಪ ದೂರದ ಒಂದು ಬಿಂದುವಿನಿಂದ ಮೊದಲ ಗೆರೆಗೆ ಎಲ್ಲೂ ಕೂಡದ ಹಾಗೆ ಇನ್ನೊಂದು ಮಡಿಕೆ, ಮತ್ತೊಂದು, ಮಗದೊಂದು ಹಾಕಬಹುದು. ಬೊಯಾಯಿ ತಂದೆಗೆ ಆಯುಸ್ಸೆಲ್ಲ ಸಿಗದಿದ್ದ ಉತ್ತರ ನಿಮ್ಮ ಅಂಗೈಯಲ್ಲಿ ಇರುತ್ತದೆ. ಕಾರ್ನೆಲ್‌ನ ವಿದ್ಯಾರ್ಥಿಗಳು ಹೀಗೆಯೇ ಕಲಿತರು.

ತೈಮಿನಾ ಇದನ್ನೆಲ್ಲ ಬರೆದು 2009ರಲ್ಲಿ ಪುಸ್ತಕ ಮಾಡಿದರು. ಅದಕ್ಕೆ ಬಂದ ಎರಡು ಬಹುಮಾನಗಳ ಜೋಡಿ ನನಗೆ ಬಹಳ ಇಷ್ಟ. ಮೊದಲನೆಯದು ಆ ವರ್ಷದ ಅತ್ಯಂತ ವಿಚಿತ್ರ ಶೀರ್ಷಿಕೆಯ ಪುಸ್ತಕಕ್ಕೆ ಬ್ರಿಟನ್‌ನಲ್ಲಿ ತಮಾಷೆಗೆಂದು ಕೊಡುವ ಬಹುಮಾನ. ಎರಡನೆಯದು 2012ರಲ್ಲಿ ಅಮೆರಿಕದ ಗಣಿತ ಸಂಘ ಆಯ್ಲರ್ ಹೆಸರಿನಲ್ಲಿ ಕೊಟ್ಟ ಗಂಭೀರ ಬಹುಮಾನ. ನಕ್ಕವರೂ ಕೊಟ್ಟರು, ತಲೆದೂಗಿದವರೂ ಕೊಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಗಣಿತದ ಮೇಷ್ಟರ ಸೊತ್ತಾಗಿ ಉಳಿಯುತ್ತಿತ್ತು. ಆದರೆ ಮಾರ್ಗರೆಟ್ ವರ್ತೈಮ್, ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸಹೋದರಿಯರ ಕಣ್ಣಿಗೆ ಅದು ಬಿತ್ತು. ಒಬ್ಬರು ವಿಜ್ಞಾನ ಲೇಖಕಿ, ಇನ್ನೊಬ್ಬರು ಕಲಾವಿದೆ. ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ನೆಲೆಸಿದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಉದ್ದಕ್ಕೂ ಸಮುದ್ರದೊಳಗೆ 2,300 ಕಿಲೋಮೀಟರಿಗೂ ಹೆಚ್ಚು ಚಾಚಿಕೊಂಡಿರುವುದು ಗ್ರೇಟ್ ಬ್ಯಾರಿಯರ್ ರೀಫ್, ಜಗತ್ತಿನ ಅತಿ ದೊಡ್ಡ ಹವಳದ ದಿಬ್ಬಗಳ ಸಾಲು. ಅದು ಸಾಯುತ್ತಿದೆ ಎಂಬ ಸುದ್ದಿ ಆ ಅಕ್ಕತಂಗಿಯರಿಗೆ ತವರುಮನೆಯ ಸುದ್ದಿ. 2005ರಲ್ಲಿ ತಮ್ಮ ಮನೆಯಲ್ಲೇ ಕೂತು ಉಲ್ಲನ್‌ನಲ್ಲಿ ಹವಳದ ದಿಬ್ಬ ಹೆಣೆಯತೊಡಗಿದರು.

ಮೊದಮೊದಲು ತೈಮಿನಾ ಲೆಕ್ಕವನ್ನು ಅಕ್ಷರಶಃ ಪಾಲಿಸಿದರು. ಬಂದ ರೂಪಗಳು ಅಚ್ಚುಕಟ್ಟಾಗಿದ್ದವು, ಆದರೆ ಜೀವ ಇರಲಿಲ್ಲ. ಆಮೇಲೆ ಲೆಕ್ಕವನ್ನು ಬೇಕೆಂದೇ ಸ್ವಲ್ಪ ಕದಲಿಸಿದರು. ಒಂದು ಕಡೆ ಐದಕ್ಕೊಂದು, ಇನ್ನೊಂದು ಕಡೆ ಮೂರಕ್ಕೊಂದು, ನಡುವೆ ಸ್ವಲ್ಪ ಸುಮ್ಮನೆ. ಆಗ ಕೈಯಲ್ಲಿದ್ದದ್ದು ಹವಳದ ಹಾಗೆ, ಕಡಲ ಹೂವಿನ ಹಾಗೆ ಆಯಿತು. ಇದನ್ನು ಓದಿದಾಗ ನನ್ನೊಳಗಿನ ಗುಮಾಸ್ತನಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. ಲೆಡ್ಜರಿನಲ್ಲಿ ಹೀಗೆ ದರ ಬದಲಿಸಿದ್ದರೆ ಇನ್‌ಸ್ಪೆಕ್ಷನ್‌ಗೆ ಬಂದವರು ನಮ್ಮನ್ನು ಬಿಡುತ್ತಿದ್ದರೇ? ಆದರೆ ಸಮುದ್ರಕ್ಕೆ ಇನ್‌ಸ್ಪೆಕ್ಟರ್ ಇಲ್ಲ.

ನೀವೂ ಹೆಣೆದು ಕಳಿಸಿ ಎಂದು ಇತರರನ್ನು ಕರೆದರು. ಕಳಿಸಿದವರು ಸಾವಿರಾರು ಜನ. ಒಬ್ಬೊಬ್ಬರು ಒಂದೊಂದು ಬಗೆ ಕಂಡುಹಿಡಿದರು. ಪಿಟ್ಸ್‌ಬರ್ಗ್, ಶಿಕಾಗೋ, ಲಂಡನ್ ಹೀಗೆ ಪ್ರದರ್ಶನಗಳಾದವು. 2019ರಲ್ಲಿ ವೆನಿಸ್‌ನ ಹೆಸರಾಂತ ಕಲಾಮೇಳಕ್ಕೂ ಹೋಯಿತು. 2022ರಲ್ಲಿ ಜರ್ಮನಿಯ ಬಾಡೆನ್‌ಬಾಡೆನ್‌ನಲ್ಲಿ ಇಟ್ಟಾಗ ಸುಮಾರು 4,000 ಜನ ಹೆಣೆದ ಸುಮಾರು 40,000 ಹವಳಗಳು ಸೇರಿದ್ದವು. ಪ್ರದರ್ಶನಗಳಲ್ಲಿ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ: ಹೆಣೆದವರ ಹೆಸರುಗಳನ್ನೂ ಬರೆದು ಹಾಕುತ್ತಾರೆ. ಒಂದೇ ಒಂದು ಹವಳ ಕಳಿಸಿದ ಅಜ್ಜಿಯ ಹೆಸರಿಗೂ ಅಲ್ಲಿ ಜಾಗ ಇದೆ.

ಬಣ್ಣಬಣ್ಣದ ದಿಬ್ಬಗಳ ನಡುವೆ ಪೂರಾ ಬಿಳಿಯ ದಿಬ್ಬವೊಂದನ್ನೂ ಹೆಣೆದಿದ್ದಾರೆ. ಅದಕ್ಕೆ ಕಾರಣವಿದೆ. ಹವಳದ ಹುಳುವಿನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಅದು ಬಿಸಿಲು ಹಿಡಿದು ಅಡುಗೆ ಮಾಡುತ್ತದೆ, ಹವಳ ಅದಕ್ಕೆ ಮನೆ ಕೊಡುತ್ತದೆ. ಹವಳಕ್ಕೆ ಬಣ್ಣ ಬರುವುದೂ ಆ ಬಾಡಿಗೆದಾರನಿಂದಲೇ. ಸಮುದ್ರದ ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಬಣ್ಣ ಹೋಗಿ ಬಿಳುಚುತ್ತದೆ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಂಡೀತು, ಇಲ್ಲವಾದರೆ ಉಪವಾಸ ಸಾಯುತ್ತದೆ. 2016 ಮತ್ತು 2017ರಲ್ಲಿ ಬೆನ್ನುಬೆನ್ನಿಗೆ ಎರಡು ವರ್ಷ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹೀಗಾಯಿತು. 2020, 2022, 2024ರಲ್ಲಿ ಮತ್ತೆ ಆಯಿತು. ಇನ್ನೊಂದು ದಿಬ್ಬವನ್ನು ಪ್ಲಾಸ್ಟಿಕ್ ಚೀಲ, ಹಳೆಯ ವಿಡಿಯೋ ಟೇಪು ಇಂಥ ಕಸದಿಂದಲೇ ಹೆಣೆದಿದ್ದಾರೆ. ಸಮುದ್ರಕ್ಕೆ ನಾವು ಸುರಿಯುವುದು ಅದನ್ನೇ ತಾನೆ. ಹವಳ ನೋಡಲು ಆಸ್ಟ್ರೇಲಿಯಾದವರೆಗೆ ಹೋಗಬೇಕಿಲ್ಲ, ನಮ್ಮ ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತಲೂ ಇವೆ. ಅಲ್ಲಿಗೆ ಹೋಗುವ ಮಕ್ಕಳು ತಿಂಡಿಯ ಪೊಟ್ಟಣವನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ.

ಲೆಕ್ಕದ ಹೆಣಿಗೆಯಲ್ಲಿ ಇನ್ನೊಂದನ್ನು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಹಿಂಕೆ ಒಸಿಂಗಾ, ಬೆರ್ನ್ಡ್ ಕ್ರಾಸ್ಕೋಫ್ ಎಂಬ ಗಣಿತಜ್ಞ ದಂಪತಿ ಇದ್ದರು. ಹವಾಮಾನದ ಏರುಪೇರಿಗೆ ಸಂಬಂಧಿಸಿದ ಲೊರೆಂಜ್ ಸಮೀಕರಣಗಳಿಂದ ಹುಟ್ಟುವ ಒಂದು ಜಟಿಲ ಮೇಲ್ಮೈಯನ್ನು ಅವರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ಹೆಂಡತಿ ಕ್ರೋಶಾ ಹಿಡಿದು ಕೂತಿದ್ದಾಗ ಗಂಡ, ಏನಾದರೂ ಉಪಯೋಗಕ್ಕೆ ಬರುವುದನ್ನು ಹೆಣೆಯಬಾರದೇ ಎಂದರಂತೆ. ಆಕೆಗೆ ಹೊಳೆಯಿತು, ಕಂಪ್ಯೂಟರ್ ಹಾಕುತ್ತಿದ್ದ ಲೆಕ್ಕವೂ ಸುತ್ತು ಸುತ್ತಾಗಿಯೇ ಬೆಳೆಯುತ್ತದೆ, ಕ್ರೋಶಾ ಬೆಳೆಯುವುದೂ ಹಾಗೆಯೇ. 85 ಗಂಟೆ ಕೂತು 25,511 ಕುಣಿಕೆ ಹಾಕಿ ಮುಗಿಸಿದರು. 2004ರಲ್ಲಿ ಅದರ ಪೂರ್ತಿ ವಿಧಾನವನ್ನು ಗಣಿತದ ಪತ್ರಿಕೆಯಲ್ಲಿ ಪ್ರಕಟಿಸಿ, ಇದನ್ನು ಎರಡನೆಯವರಾಗಿ ಹೆಣೆದು ತೋರಿಸಿದವರಿಗೆ ಒಂದು ಬಾಟಲಿ ಶಾಂಪೇನ್ ಎಂದು ಸಾರಿದರು. ಗಂಡಂದಿರು ಇಂಥ ಪ್ರಶ್ನೆ ಕೇಳುವಾಗ ಎಚ್ಚರಿಕೆಯಿಂದಿರಬೇಕು ಎಂಬುದು ನನ್ನ ಹೆಂಡತಿಯ ಟಿಪ್ಪಣಿ.

ಜಪಾನಿನ ತೊಶಿಕೊ ಹೊರಿಯುಚಿ ಮ್ಯಾಕ್‌ಆಡಮ್ ಅವರದು ಬೇರೆಯೇ ದಾರಿ. ನೂಲಿನಲ್ಲಿ ದೊಡ್ಡ ದೊಡ್ಡ ಬಲೆಯಂಥ ಕಲಾಕೃತಿಗಳನ್ನು ಹೆಣೆದು ಪ್ರದರ್ಶನಕ್ಕೆ ತೂಗುಹಾಕುತ್ತಿದ್ದರು. 1970ರ ದಶಕದಲ್ಲಿ ಒಂದು ಪ್ರದರ್ಶನಕ್ಕೆ ಬಂದ ಮಕ್ಕಳು ಅಂಥದೊಂದು ಬಲೆಯೊಳಗೆ ಹತ್ತಿ ಆಡತೊಡಗಿದರು. ಬಲೆ ತೂಗಿತು, ಹಿಗ್ಗಿತು, ಮಕ್ಕಳ ಮೈಯ ಜೊತೆ ತಾನೂ ಆಡಿತು. ಬೇರೆ ಕಲಾವಿದರಾಗಿದ್ದರೆ ಮಕ್ಕಳನ್ನು ಇಳಿಸಿ ತಾಯಂದಿರಿಗೆ ಎರಡು ಮಾತು ಹೇಳುತ್ತಿದ್ದರೋ ಏನೋ. ಇವರು ಅಲ್ಲಿಂದ ಮುಂದೆ ಮಕ್ಕಳಿಗಾಗಿಯೇ ಹೆಣೆದರು. ಹಕೋನೆಯ ಬಯಲು ವಸ್ತುಸಂಗ್ರಹಾಲಯದಲ್ಲಿ ಮರದ ದಿಮ್ಮಿಗಳ ದೊಡ್ಡ ಚಪ್ಪರದೊಳಗೆ ಅವರ ನೈಲಾನ್ ಬಲೆ 2009ರಿಂದ ತೂಗುತ್ತಿದೆ. ಕಾಮನಬಿಲ್ಲಿನ ಬಣ್ಣ, ಚೀಲದಂಥ ಜೋಲಿಗಳು, ಒಂದರಿಂದ ಇನ್ನೊಂದಕ್ಕೆ ತೂರಲು ರಂಧ್ರಗಳು. ಎಲ್ಲ ಕೈಯಿಂದ ಹೆಣೆದದ್ದು. ಎಷ್ಟು ಮಕ್ಕಳು ಒಟ್ಟಿಗೆ ಕುಣಿದರೆ ಎಲ್ಲಿ ಎಷ್ಟು ಭಾರ ಬೀಳುತ್ತದೆಂದು ಎಂಜಿನಿಯರುಗಳ ಜೊತೆ ಕೂತು ಲೆಕ್ಕ ಹಾಕಿ ಮಾಡಿದ್ದು. ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ, ಸುತ್ತ ಕೂತು ನೋಡಬೇಕು.

ಪೆಂಗ್ವಿನ್‌ಗಳ ಸ್ವೆಟರ್ ಬಗ್ಗೆ ಮಕ್ಕಳು ಕೇಳಿರಬಹುದು. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದ ಬಳಿ 2001ರಲ್ಲಿ ಸಮುದ್ರಕ್ಕೆ ಎಣ್ಣೆ ಸೋರಿ 438 ಪುಟ್ಟ ಪೆಂಗ್ವಿನ್‌ಗಳ ಮೈಗೆ ಮೆತ್ತಿಕೊಂಡಿತು. ಹಕ್ಕಿ ಕೊಕ್ಕಿನಿಂದ ಗರಿ ತೀಡಿಕೊಂಡರೆ ಆ ಎಣ್ಣೆ ಹೊಟ್ಟೆಗೆ ಹೋಗುತ್ತದೆ. ತೊಳೆಯುವವರೆಗೆ ಅದನ್ನು ತಡೆಯಲು, ಮೈ ಬೆಚ್ಚಗಿಡಲು ಪುಟ್ಟ ಉಲ್ಲನ್ ಅಂಗಿ ತೊಡಿಸುತ್ತಾರೆ. ಅದಕ್ಕಾಗಿ ಹೆಣೆದವರಲ್ಲಿ ಆಲ್ಫ್ರೆಡ್ ಡೇಟ್ ಎಂಬ ಅಜ್ಜನೂ ಒಬ್ಬರು. 109ನೆಯ ವಯಸ್ಸಿನಲ್ಲಿ, ಆ ದೇಶದ ಅತಿ ಹಿರಿಯ ಗಂಡಸು ಎಂದು ಪತ್ರಿಕೆಗಳಲ್ಲಿ ಬಂದಾಗಲೂ ಅವರ ಕೈಯಲ್ಲಿ ಕಡ್ಡಿಗಳಿದ್ದವು. 2016ರಲ್ಲಿ 110 ತುಂಬಿ ತೀರಿಕೊಂಡರು. ಗಂಡಸರಿಗೆ ಇದೆಲ್ಲ ಬರುವುದಿಲ್ಲ ಎಂದು ನನ್ನ ಹಾಗೆ ಲಡಿ ಹಿಡಿದು ಕೂತವರು ಈ ಅಜ್ಜನನ್ನು ನೆನೆಯಬೇಕು. ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಸ್ವೆಟರುಗಳು ಬಂದು ಬಿದ್ದು, ಈಗ ಉಳಿದವನ್ನು ಆಟಿಕೆ ಪೆಂಗ್ವಿನ್‌ಗಳಿಗೆ ತೊಡಿಸಿ ಮಾರಿ, ಬಂದ ಹಣವನ್ನು ನಿಜವಾದ ಪೆಂಗ್ವಿನ್‌ಗಳಿಗೆ ಖರ್ಚು ಮಾಡುತ್ತಾರೆ.

ದೂರದ ದೇಶಗಳ ಮಾತು ಇಷ್ಟಾಯಿತು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಮೂಲೆಯೊಂದರಲ್ಲಿ ಶುರು ಮಾಡಿ, ಅಂಚಿನ ಗುಂಟ ಸುತ್ತು ಸುತ್ತು ಓಟದ ಹೊಲಿಗೆ ಹಾಕುತ್ತ ನಡುವಿಗೆ ಬಂದು ಸೇರುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ. ಯಾವ ಕೆಂಪಿನ ಪಕ್ಕ ಯಾವ ಹಳದಿ ಎಂಬುದನ್ನು ಕಣ್ಣು ಹೇಳುತ್ತದೆ. ಕೊನೆಯಲ್ಲಿ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಕೂರಿಸಬೇಕು. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬರಿಮೈಯ ಕೌದಿ. ವಿದೇಶದ ಕಲಾ ವಿದ್ವಾಂಸರು ಬಂದು ಅಧ್ಯಯನ ಮಾಡಿ, ಒಯ್ದು ಪ್ರದರ್ಶನ ಇಟ್ಟಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಸಂಖ್ಯೆ ಎಲ್ಲ ಪತ್ರಿಕೆಗಳಲ್ಲೂ ಬಂತು. 450 ಹೆಸರುಗಳನ್ನು ಯಾರಾದರೂ ಅಚ್ಚು ಹಾಕಿದ್ದರೆ ನಾನು ಕೂತು ಒಂದೊಂದನ್ನೂ ಓದುತ್ತಿದ್ದೆ.

ಬ್ಯಾಂಕಿನಲ್ಲಿ ನಾವು ಬರೆದ ಪ್ರತಿ ನಮೂದಿನ ಪಕ್ಕ ಬರೆದವರ ಇನಿಷಿಯಲ್ ಇರಬೇಕಿತ್ತು. ಹತ್ತು ರೂಪಾಯಿ ಜಮಾ ಆದರೂ ಸರಿ, ಯಾರು ಬರೆದದ್ದು ಎಂದು ತಿಳಿಯಬೇಕು. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿಯ ಮೇಲೆ ಮಾತ್ರ ಏನೂ ಇರುವುದಿಲ್ಲ. ಮುಂದಿನ ತಲೆಮಾರಿಗೆ ಅದು ಹಳೇ ಕೌದಿ, ಅಷ್ಟೇ.

ನಮ್ಮ ಮನೆಯಲ್ಲಿ ನನ್ನ ಅತ್ತೆ ಹೊಲಿದ ಒಂದು ಕೌದಿ ಇದೆ. ಅವರು ಧಾರವಾಡದ ಕಡೆಯವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವರ್ತೈಮ್ ಸಹೋದರಿಯರ ಪ್ರದರ್ಶನದ ಹೆಸರಿನ ಪಟ್ಟಿಯ ವಿಷಯ ಓದಿ ಹೇಳಿದಾಗ ನನ್ನ ಹೆಂಡತಿ ಮೊದಲು, “ನಮ್ಮವ್ವ ಹೆಸರಿಗೆ ಅಂತ ಹೊಲಿದಾಕಿ ಅಲ್ಲ ಬಿಡ್ರಿ” ಎಂದಳು. ಎರಡು ದಿನದ ಮೇಲೆ ತಾನೇ ಕೌದಿ ತೆಗೆದು ಬಿಸಿಲಿಗೆ ಹಾಕಿದಳು. ಸಂಜೆ ಒಂದು ಮೂಲೆಯಲ್ಲಿ ಪೆನ್ಸಿಲಿನಿಂದ ತಾಯಿಯ ಹೆಸರು ಬರೆದು ಕೆಂಪು ದಾರದಲ್ಲಿ ಹೊಲಿಯತೊಡಗಿದಳು. ಹೆಸರು ಮುಗಿದ ಮೇಲೆ, “ಇಸವಿ ಯಾವ್ದು ಹಾಕಲಿರಿ?” ಎಂದು ಕೇಳಿದಳು.

ಅದನ್ನು ಗೊತ್ತು ಮಾಡುವುದು ನನ್ನ ಪಾಲಿಗೆ ಬಂತು. ಕೌದಿಯನ್ನು ಮಂಚದ ಮೇಲೆ ಹಾಸಿ ತುಂಡು ತುಂಡಾಗಿ ನೋಡುತ್ತ ಬಂದೆ. ಇಳಕಲ್ ಸೀರೆಯ ಸೆರಗು, ಅದು ಬಹಳ ಹಿಂದಿನದು, ಸಾಕ್ಷಿಗೆ ಬರುವುದಿಲ್ಲ. ಭಾವಮೈದುನನ ಎನ್.ಸಿ.ಸಿ. ಖಾಕಿ ಚಡ್ಡಿ, ಅವನು ಕಾಲೇಜು ಬಿಟ್ಟದ್ದು 1976. ಎಡಗಡೆ ನೀಲಿ ಗೆರೆಯ ಒಂದು ತುಂಡು. ಅದು ನನ್ನದೇ ಅಂಗಿ. ಅಳಿಯನ ಮೊದಲ ದೀಪಾವಳಿಗೆಂದು 1977ರಲ್ಲಿ ಅತ್ತೆ ಹೊಲಿಸಿ ಕೊಟ್ಟದ್ದು, ಮರುವರ್ಷದ ಮಳೆಗಾಲದಲ್ಲಿ ಸೈಕಲ್ಲಿಗೆ ಸಿಕ್ಕಿ ಹರಿದದ್ದು. ನಮ್ಮ ಮಗಳು ಹುಟ್ಟಿದ್ದು 1980ರ ಜನವರಿಯಲ್ಲಿ, ಬಾಣಂತನಕ್ಕೆ ಈ ಕೌದಿ ಆಗಲೇ ಇತ್ತು. ಅಂದರೆ 1978ರ ಮಳೆಗಾಲದ ನಂತರ, 1980ರ ಸಂಕ್ರಾಂತಿಯ ಮುಂಚೆ. ಆಕೆ ಬಸುರಿ ಎಂದು ತಿಳಿದ ಮೇಲೆಯೇ ಹೊಲಿಯಲು ಕೂತಿರಬೇಕು. 1979 ಎಂದು ಹೇಳಿದೆ.

“ನಿಮ್ಮ ಆಡಿಟ್ ಮುಗೀತಲ್ರಿ, ಈಗ ಸೂಜಿಗೆ ದಾರ ಪೋಣಿಸಿ ಕೊಡ್ರಿ” ಎಂದಳು. ಇಬ್ಬರಿಗೂ ಕಣ್ಣು ಅಷ್ಟಕ್ಕಷ್ಟೆ. ಮೂರನೆಯ ಸಲಕ್ಕೆ ದಾರ ಹೋಯಿತು.